ಒಂದೇ ಇರುಳಿನ ಮಳೆಗಾಲ

ನಮ್ಮ ಮನೆಯಲ್ಲಿ ನಕ್ಷತ್ರವೆಂದರೆ ಮಳೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಎರೆಹೊಲಗಳ ನಡುವೆ ಬೆಳೆದ ನನಗೆ ರೋಹಿಣಿ, ಮೃಗಶಿರಾ, ಆರಿದ್ರಾ, ಮಘೆ, ಹುಬ್ಬೆ, ಉತ್ತರೆ, ಸ್ವಾತಿ ಎಂಬ ಹೆಸರುಗಳು ಬುದ್ಧಿ ಬಂದಾಗಿನಿಂದ ಬಾಯಿಪಾಠವಾಗಿದ್ದವು. ಆದರೆ ಆ ಹೆಸರಿನ ಚುಕ್ಕೆಗಳು ಆಕಾಶದಲ್ಲಿ ನಿಜವಾಗಿಯೂ ಇವೆ, ಅವುಗಳಿಗೊಂದು ಬಣ್ಣವಿದೆ, ಹುಟ್ಟುವ ಹೊತ್ತು ಮುಳುಗುವ ಹೊತ್ತು ಇದೆ ಎಂಬುದು ಬಹಳ ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೃಗಶಿರಾ, ನಮ್ಮ ಬಾಯಲ್ಲಿ ಮಿರಗ, ಕೂಡಿತೆಂದರೆ ಹೆಸರುಕಾಳು ಬಿತ್ತುವ ಗಡಿಬಿಡಿ. ಮಘೆ, ಹುಬ್ಬೆಯ ಹೊತ್ತಿಗೆ ಹೆಸರುಕಾಯಿ ಬಿಡಿಸಿ, ಹೊಲ ಹರಗಿ ಹದಗೊಳಿಸಿ, ಉತ್ತರೆಯ ಹಸಿಯಲ್ಲಿ ಹಿಂಗಾರಿ ಜೋಳವನ್ನೋ ಕಡಲೆಯನ್ನೋ ಬಿತ್ತಬೇಕು. ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ಪ್ರತಿ ಮಳೆ ಕೂಡುವ ದಿನ, ಹೊತ್ತು, ಅದರ ವಾಹನ ಎಲ್ಲವೂ ಅಚ್ಚಾಗಿರುತ್ತಿದ್ದವು. ವಾಹನ ಕಪ್ಪೆಯೋ ಆನೆಯೋ ಆಗಿದ್ದರೆ ಅಪ್ಪನ ಮುಖ ಅರಳುತ್ತಿತ್ತು. “ರೋಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ” ಎಂದು ಅಜ್ಜಿ ಹೇಳುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಕಪ್ಪು ಮೋಡ, ಬಿಸಿ ಮಣ್ಣಿನಿಂದ ಏಳುವ ವಾಸನೆ, ಅಂಗಳದಲ್ಲಿ ಒಣಹಾಕಿದ್ದನ್ನು ಒಳಗೆ ಸಾಗಿಸುವ ಅವ್ವನ ಅವಸರ. ಕೆಂಪಗೆ ಉರಿಯುವ ಒಂದು ಚುಕ್ಕೆ ಎಂದೂ ಬಂದಿರಲಿಲ್ಲ.

ಆ ಹೆಸರುಗಳನ್ನು ಹೊತ್ತ ನಕ್ಷತ್ರಗಳನ್ನು ನಾನು ಮೊದಲ ಬಾರಿಗೆ ಕಣ್ಣಾರೆ, ಒಂದರ ಹಿಂದೆ ಒಂದರಂತೆ ಕಂಡದ್ದು ಮಳೆಯೇ ಅಪರೂಪವಾದ ನೆಲದಲ್ಲಿ. 2024ರ ಜನವರಿ 13, ಶನಿವಾರದ ರಾತ್ರಿ, ಸಂಯುಕ್ತ ಅರಬ್ ಸಂಸ್ಥಾನದ (ಯುಎಇ) ಅಬುಧಾಬಿ ಎಮಿರೇಟಿನ ಅಲ್ ಕುವಾ ಎಂಬಲ್ಲಿನ ಮರಳುಗಾಡಿನಲ್ಲಿ, ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗ ಮತ್ತು ಗಂಡನ ಕಚೇರಿಯ ಒಬ್ಬ ಹಿರಿಯ ಎಮಿರಾತಿ ಸಹೋದ್ಯೋಗಿ ಒಂದು ಇರುಳನ್ನು ಕಳೆದೆವು.

ಇದರ ಬಗ್ಗೆ ಬರೆಯಲೇಬೇಕೆನಿಸಿದ ಕಾರಣವನ್ನು ಹೇಳುವ ಮೊದಲು, ನಮ್ಮ ಮಳೆಗಳಿಗೆ ಈ ಹೆಸರುಗಳು ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. ಸೂರ್ಯ ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವಂತೆ ಕಾಣುವ ದಾರಿಯನ್ನು ನಮ್ಮ ಹಿರಿಯರು 27 ಸಮಪಾಲು ಮಾಡಿ, ಪ್ರತಿ ಪಾಲಿಗೂ ಅಲ್ಲಿಯ ನಕ್ಷತ್ರದ ಹೆಸರನ್ನು ಕೊಟ್ಟರು. ಒಂದೊಂದು ಪಾಲನ್ನು ದಾಟಲು ಸೂರ್ಯನಿಗೆ ಹದಿಮೂರು–ಹದಿನಾಲ್ಕು ದಿನ ಬೇಕು. ಸೂರ್ಯ ಆರ್ದ್ರಾ ಪಾಲಿನಲ್ಲಿದ್ದಾಗ ಬೀಳುವುದು ಆರಿದ್ರಾ ಮಳೆ, ಮಘಾ ಪಾಲಿನಲ್ಲಿದ್ದಾಗ ಬೀಳುವುದು ಮಘೆ ಮಳೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿಯಿಂದ ಹೊರಟು ನವೆಂಬರಿನ ವಿಶಾಖ, ಅನುರಾಧಾಗಳವರೆಗೆ ರೈತನ ವರ್ಷ ಹೀಗೆ ಉರುಳುತ್ತದೆ. ಈ ಲೆಕ್ಕದೊಳಗೆ ಒಂದು ವಿಚಿತ್ರ ಅಡಗಿದೆ. ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೋ ಆ ನಕ್ಷತ್ರ ಅವನ ಜೊತೆಗೇ ಹುಟ್ಟಿ, ಹಗಲೆಲ್ಲ ಅವನ ಬೆಳಕಿನಲ್ಲಿ ಕಳೆದುಹೋಗಿ, ಅವನ ಜೊತೆಗೇ ಮುಳುಗಿಬಿಡುತ್ತದೆ. ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹಿಡಿದು ಸುರಿಯುವಾಗ ಆರ್ದ್ರಾ ನಕ್ಷತ್ರ ಯಾವ ರೈತನ ಕಣ್ಣಿಗೂ ಬೀಳುವಂತಿಲ್ಲ. ಮೋಡ ಸರಿದು ರಾತ್ರಿ ತಿಳಿಯಾದರೂ ಅದು ಅಲ್ಲಿರುವುದಿಲ್ಲ. ಅಪ್ಪ ಐವತ್ತು ವರ್ಷ ನಂಬಿ ಬಿತ್ತಿದ ನಕ್ಷತ್ರಗಳಲ್ಲಿ ಹೆಚ್ಚಿನವು ಅವರು ಬಿತ್ತುವ ಹೊತ್ತಿನಲ್ಲಿ ಅವರಿಗೆ ಕಾಣುತ್ತಲೇ ಇರಲಿಲ್ಲ. ಅವು ಇರುಳಿನ ಆಕಾಶಕ್ಕೆ ಏರುವುದು ಸುಗ್ಗಿ ಮುಗಿಯುತ್ತ ಬಂದ ಚಳಿಗಾಲದಲ್ಲಿ. ಆಗ ರೈತನಿಗೆ ಅವುಗಳಿಂದ ಆಗಬೇಕಾದ ಕೆಲಸವಿಲ್ಲ.

ನಾವು ಹೊರಟದ್ದು ಅಂಥ ಚಳಿಗಾಲದಲ್ಲಿ. ಅಲ್ ಕುವಾ ಅಲ್ ಐನ್ ಪಟ್ಟಣಕ್ಕೆ ದಕ್ಷಿಣದಲ್ಲಿ, ರುಬ್ ಅಲ್ ಖಾಲಿ ಎಂಬ ಮಹಾ ಮರಳುಗಾಡಿನ ಅಂಚಿನಲ್ಲಿದೆ. ಅಬುಧಾಬಿಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಕರ್ಕಾಟಕ ವೃತ್ತ ಹಾದುಹೋಗುವುದು ಇದರ ಆಸುಪಾಸಿನಲ್ಲೇ. ನಗರಗಳ ಬೆಳಕಿನಿಂದ ದೂರವಿರುವುದರಿಂದ ಆಕಾಶ ನೋಡುವವರೂ ಛಾಯಾಗ್ರಾಹಕರೂ ಹುಡುಕಿಕೊಂಡು ಬರುವ ಜಾಗವಿದು. ಬರುವವರಲ್ಲಿ ಹೆಚ್ಚಿನವರು ಬೇಸಿಗೆಯ ತಿಂಗಳುಗಳನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಆಕಾಶಗಂಗೆಯ ದಟ್ಟವಾದ ನಡುಭಾಗ ಇರುಳೆಲ್ಲ ಕಾಣುವುದು ಆಗಲೇ. ಆದರೆ ಆ ತಿಂಗಳುಗಳಲ್ಲಿ ನಡುರಾತ್ರಿಯಲ್ಲೂ ಸೆಕೆ ಬಿಡುವುದಿಲ್ಲ, ಮಗುವನ್ನು ಕರೆದುಕೊಂಡು ಹೋಗುವಂತಿಲ್ಲ. ನನಗೆ ಬೇಕಾಗಿದ್ದುದೂ ಆಕಾಶಗಂಗೆಯ ಚಿತ್ರವಲ್ಲ. ಗುರುವಾರವಷ್ಟೇ ಎಳ್ಳ ಅಮಾವಾಸ್ಯೆ ಕಳೆದಿತ್ತು. ತೆಳ್ಳನೆಯ ಚಂದ್ರ ಎಂಟು ಗಂಟೆಯೊಳಗೆ ಮುಳುಗುತ್ತಿದ್ದುದರಿಂದ ಉಳಿದ ಇರುಳೆಲ್ಲ ಕತ್ತಲೆಯೇ.

ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಫೋನ್ ಮಾಡಿದ್ದೆ. ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹಿಂಗಾರಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಅಡುಗೆಯ ಎಡೆಯನ್ನು ಹೊಲದಲ್ಲಿ ಎರಚಿ, ಬೆಳೆಯ ನಡುವೆ ಕುಳಿತು ಉಣ್ಣುತ್ತಾರೆ. 2023 ಕರ್ನಾಟಕಕ್ಕೆ ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ನಮ್ಮ ಹೆಸರು ಹೂವಿಗೆ ಬರುವ ಮೊದಲೇ ಬಾಡಿತ್ತು, ಜೋಳ ಏಳಲಾರದೆ ನಿಂತಿತ್ತು. “ಚರಗ ಚೆಲ್ಲಿ ಬಂದ್ವಿ ಯವ್ವಾ, ಜ್ವಾಳ ಮೊಣಕಾಲ ಮಟ ಐತಿ” ಎಂದರು ಅಪ್ಪ. ಹೋಗದೆ ಮನೆಯಲ್ಲೇ ಪೂಜೆ ಮಾಡಬಹುದಿತ್ತಲ್ಲ ಎಂದು ನಾನು ಅಂದುಬಿಟ್ಟೆ. “ಬೆಳಿ ಬರ್ಲಿಲ್ಲಂತ ಭೂಮ್ತಾಯಿಗೆ ಉಣಸೂದು ಬಿಡಾಕ ಬರ್ತೈತೇನು?” ಎಂದು ಕೇಳಿದರು. ಹಾಗೆ ಕೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ತಿಳಿಯದವಳಿಗೆ ತಿಳಿಸಿ ಹೇಳುವ ತಾಳ್ಮೆಯಿತ್ತು. ಆ ಮಾತು ಶನಿವಾರದವರೆಗೂ ನನ್ನೊಡನೆ ಇತ್ತು.

ಡಾಂಬರು ರಸ್ತೆ ಬಿಟ್ಟು ಮರಳಿಗೆ ಇಳಿಯುವ ಮುನ್ನ ಗಂಡ ಟೈರುಗಳ ಗಾಳಿಯನ್ನು ಇಳಿಸಿದರು. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ ನೆಲವನ್ನು ಅಗಲವಾಗಿ ಮೆಟ್ಟುತ್ತದೆ, ಹೂತುಕೊಳ್ಳುವುದಿಲ್ಲ. ಒಂಟೆಯ ಅಗಲ ಪಾದ ಮಾಡುವ ಕೆಲಸವೂ ಇದೇ ಎಂದು ಮುಂದಿನ ಗಾಡಿಯಿಂದ ಇಳಿದುಬಂದ ಹಿರಿಯರು ಮಗನಿಗೆ ತೋರಿಸಿಕೊಟ್ಟರು. ಅವರು ಅಲ್ ಐನ್ ಕಡೆಯವರು. ಅವರ ತಂದೆಯ ಕಾಲದವರೆಗೂ ಮನೆಯಲ್ಲಿ ಒಂಟೆಗಳಿದ್ದವಂತೆ. ಅರಬ್ಬಿ ಬೆರೆತ ಹಿಂದಿಯಲ್ಲಿ ಅವರು ಮಾತನಾಡುವುದನ್ನು ಕೇಳಿದರೆ ನಮ್ಮ ಕಡೆಯ ಸಂತೆಯಲ್ಲಿ ಸಿಗುವ ಯಾರೋ ಹಿರಿಯರಂತೆಯೇ ಅನ್ನಿಸುತ್ತದೆ.

ಬಿಡಾರ ಹೂಡಲು ಅವರು ಆರಿಸಿದ ಜಾಗದಿಂದ ನೂರು ಹೆಜ್ಜೆಯಷ್ಟು ದೂರದಲ್ಲಿ ಒಂದೇ ಒಂದು ಮರವಿತ್ತು. ಬೂದು ಹಸಿರಿನ ಸಣ್ಣ ಎಲೆ, ಬಾಗಿದ ಕೊಂಬೆ, ತೊಗಟೆಯಲ್ಲಿ ಆಳವಾದ ಬಿರುಕು. ಹತ್ತಿರ ಹೋಗಿ ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಮಾತೇ ಹೊರಡಲಿಲ್ಲ. ಇವರು ಘಾಫ್ ಎಂದು ಕರೆಯುವ, 2008ರಲ್ಲಿ ಈ ದೇಶದ ರಾಷ್ಟ್ರೀಯ ವೃಕ್ಷವೆಂದು ಘೋಷಿತವಾದ ಈ ಮರ ನಮ್ಮ ಬನ್ನಿ. ಹೋಲಿಕೆಯ ಮಾತಲ್ಲ, ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ. ಹದಿನಾಲ್ಕು ವರ್ಷ ಈ ದೇಶದ ರಸ್ತೆಗಳ ಪಕ್ಕದಲ್ಲಿ ಈ ಮರವನ್ನು ನೋಡುತ್ತಲೇ ಓಡಾಡಿದ್ದೆ, ಗುರುತಿಸಿರಲಿಲ್ಲ. ದಸರೆಯಲ್ಲಿ ಇದರ ಎಲೆಯನ್ನು ಹಿರಿಯರ ಕೈಗಿಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಕಾಲಿಗೆ ಬೀಳುವ ನಾವು ಇದನ್ನು ದೇವರ ಮರವೆಂದು ಬಲ್ಲೆವು. ಮರಳುಗಾಡಿನ ಜನ ಇದನ್ನು ನೆರಳು, ಮೇವು ಮತ್ತು ಸಿಹಿನೀರಿನ ಗುರುತು ಎಂದು ಬಲ್ಲರು. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಇದರ ಕೊಂಬೆ ಮುರಿಯಬಾರದು ಎಂದು ಹಿರಿಯರು ಮೊದಲೇ ಎಚ್ಚರಿಸಿದ್ದರು. ಉರುವಲನ್ನು ಪಟ್ಟಣದಿಂದಲೇ ಕೊಂಡು ತಂದಿದ್ದೆವು, ಬೆಂಕಿಯನ್ನು ಮರಳಿನ ಮೇಲೆ ಮಾಡದೆ ಕಬ್ಬಿಣದ ತಟ್ಟೆಯಲ್ಲಿ ಮಾಡಿದೆವು.

ಮರುಭೂಮಿಯ ಬಿಡಾರ ಎಂಬ ಹೆಸರಿನಲ್ಲಿ ಧ್ವನಿವರ್ಧಕ, ಬಣ್ಣದ ದೀಪ, ಕುಣಿತಗಳನ್ನಿಟ್ಟು ನಡೆಸುವ ಜಾಗಗಳಿಗೂ ನಾನು ಹೋಗಿದ್ದೇನೆ. ಅಲ್ಲಿ ಊಟ ಚೆನ್ನಾಗಿರುತ್ತದೆ, ಮಕ್ಕಳಿಗೆ ಆಟವೂ ಇರುತ್ತದೆ. ಆದರೆ ಇರುಳನ್ನು ನೋಡಲು ಹೋಗುವವರು ಇರುಳನ್ನು ಇರಗೊಡಬೇಕು. ಬಿಳಿಯ ದೀಪವನ್ನು ಒಮ್ಮೆ ಕಣ್ಣಿಗೆ ಹಾಯಿಸಿದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಮತ್ತೆ ಹದಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕೆಂಪು ಬೆಳಕಿಗೆ ಆ ಹಾನಿ ಕಡಿಮೆ. ಆದ್ದರಿಂದ ನಾವು ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಫೋನುಗಳನ್ನೆಲ್ಲ ಗಾಡಿಯೊಳಗೆ ಇಟ್ಟೆವು. ಇನ್ನೊಂದು ನಿಯಮವನ್ನು ಹಿರಿಯರು ಬಹಳ ಗಟ್ಟಿಯಾಗಿ ಹೇಳಿದರು: ಒಂದು ಪ್ಲಾಸ್ಟಿಕ್ ಚೀಲವೂ ಹಾರಿಹೋಗಬಾರದು. ಅದನ್ನು ತಿಂದ ಒಂಟೆಯ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕೆಲ್ಲ ಕಲ್ಲಿನ ಗಡ್ಡೆಯಂತೆ ಗಟ್ಟಿಯಾಗಿ, ಹೊಟ್ಟೆ ತುಂಬಿದೆಯೆಂದು ನಂಬಿದ ಪ್ರಾಣಿ ಮೇವು ಬಿಟ್ಟು ಸಾಯುತ್ತದೆ. ನಮ್ಮ ಊರಿನ ದನಗಳ ಗತಿಯೂ ಬೇರೆಯಲ್ಲ ಎಂದೆ. ಅವರು ತಲೆಯಾಡಿಸಿದರು.

ಏಳು ಗಂಟೆಗೆ ಪಡುವಣದ ಕೆಂಪು ಪೂರ್ತಿ ಆರಿತು. ಮರಳಿನ ಮೇಲೆ ಹಾಸಿದ ಜಮಖಾನದ ಮೇಲೆ ನಾವು ಅಂಗಾತ ಮಲಗಿದೆವು. ನೆತ್ತಿಯ ಹತ್ತಿರ ಗುರುಗ್ರಹ ಬೆಳಗುತ್ತಿತ್ತು, ಅದಕ್ಕೆ ತುಸು ಉತ್ತರದಲ್ಲಿ ಎರಡು ಮೂರು ಸಾಧಾರಣ ಚುಕ್ಕೆಗಳು. ನಕ್ಷತ್ರ ನಕ್ಷೆಯನ್ನು ಕೆಂಪು ಬೆಳಕಿನಲ್ಲಿ ಹಿಡಿದು ಮಗ ಅದನ್ನು ಅಶ್ವಿನಿ ಎಂದು ಗುರುತಿಸಿದ. ಅದರ ಪಕ್ಕದ ಮಂಕು ಚುಕ್ಕೆಗಳು ಭರಣಿ. ಇನ್ನೂ ಮೂಡಲಿಗೆ ಕೃತ್ತಿಕೆಯ ಗೊಂಚಲು. ಅಲ್ಲಿಯವರೆಗೂ ಇದೊಂದು ಸಾಧಾರಣವಾದ ಕಲಿಕೆಯಾಗಿತ್ತು. ಆಮೇಲೆ ಅವನು ಕೈಯನ್ನು ಹಾಗೆಯೇ ಮೂಡಣಕ್ಕೆ ಇಳಿಸುತ್ತ “ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು” ಎಂದು ಓದಿದಾಗ ನಾನು ಎದ್ದು ಕುಳಿತೆ. ಅವನು ಓದುತ್ತಿದ್ದುದು ನಕ್ಷೆಯನ್ನು. ನನಗೆ ಕೇಳಿಸಿದ್ದು ನಮ್ಮ ಪಡಸಾಲೆಯ ಗೋಡೆಯ ಮೇಲಿನ ಕ್ಯಾಲೆಂಡರು. ಅದೇ ಸಾಲು, ಅದೇ ಕ್ರಮ. ಏಪ್ರಿಲ್ ನೆತ್ತಿಯಲ್ಲಿ, ಮೇ ಅದರ ಕೆಳಗೆ, ಜೂನ್ ಮೂಡಣದ ಮರಳುದಿಬ್ಬದ ಮೇಲೆ.

ಆಗಲೇ ನನಗೆ ಹೊಳೆದದ್ದು: ಜನವರಿಯ ಈ ಉದ್ದದ ಇರುಳಿನಲ್ಲಿ ಬೆಳಗಿನವರೆಗೂ ಎಚ್ಚರವಾಗಿದ್ದರೆ, ಅಪ್ಪನ ಇಡೀ ಮಳೆಗಾಲ ಅಶ್ವಿನಿಯಿಂದ ಅನುರಾಧೆಯವರೆಗೆ ನಮ್ಮ ಮೇಲೆ ಒಂದೇ ರಾತ್ರಿಯಲ್ಲಿ ಹಾದುಹೋಗುತ್ತದೆ. ನಾನು ಮಲಗುವುದಿಲ್ಲ ಎಂದು ಗಂಡನಿಗೆ ಹೇಳಿದೆ.

ರೋಹಿಣಿಯನ್ನು ಬಹಳ ಹೊತ್ತು ನೋಡಿದೆ. ಕೆಂಡದ ಬಣ್ಣ, ಮಿನುಗು ಕಡಿಮೆ. ಓಣಿ ತುಂಬ ಜೋಳ ತರಬೇಕಾದವಳು ಇವಳೇ. ಅದರ ಕೆಳಗೆ ಮೃಗಶಿರದ ಮೂರು ಸಣ್ಣ ಚುಕ್ಕೆಗಳು, ಒಂದರ ಮೇಲೊಂದು ಒಲೆಗುಂಡಿನಂತೆ. ಊರಲ್ಲಿ ಮಿರಗ ಎಂದರೆ ಎಷ್ಟು ದೊಡ್ಡ ಸಂಗತಿ! ಎತ್ತಿನ ಕೊರಳಿಗೆ ಗೆಜ್ಜೆ, ಕೂರಿಗೆಗೆ ಪೂಜೆ, ಬೀಜದ ಉಡಿ. ಆ ಮಳೆಯ ಹೆಸರಿಗೆ ಕಾರಣವಾದದ್ದು ಇಷ್ಟು ಸಣ್ಣದಾದ, ಕಣ್ಣು ಕಿರಿದು ಮಾಡಿದರಷ್ಟೇ ಬೇರೆಬೇರೆಯಾಗಿ ಕಾಣುವ ಮೂರು ಚುಕ್ಕೆಗಳೆಂದು ನಾನು ಊಹಿಸಿಯೂ ಇರಲಿಲ್ಲ. ಅದರ ಪಕ್ಕದ ಆರ್ದ್ರಾ ಮಾತ್ರ ಹೆಸರಿಗೆ ತಕ್ಕ ಹಾಗೆ ದೊಡ್ಡದು, ಕಿತ್ತಳೆಗೆಂಪು. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಈ ನಕ್ಷತ್ರ ಎಲ್ಲರಿಗೂ ಗೊತ್ತಾಗುವಷ್ಟು ಮಂಕಾಗಿತ್ತು. ತಾನೇ ಉಗುಳಿದ ಧೂಳಿನ ಮರೆಗೆ ಸಿಕ್ಕಿದ್ದೇ ಅದಕ್ಕೆ ಕಾರಣವೆಂದು ಖಗೋಳಶಾಸ್ತ್ರಜ್ಞರು ಕಂಡುಕೊಂಡರು. “ಆದ್ರ ಆರಿದ್ರಿ, ಇಲ್ಲಂದ್ರ ದರಿದ್ರ” ಎಂಬ ನಮ್ಮ ಗಾದೆಯನ್ನು ಮಗನಿಗೆ ಹೇಳಿದೆ. ಅವನು ಅದನ್ನು ನಾಲ್ಕು ಬಾರಿ ಹೇಳಿ ನಾಲಗೆಗೆ ಕೂರಿಸಿಕೊಂಡ.

ಹಿರಿಯರು ಬೆಂಕಿಯ ಪಕ್ಕದಿಂದ ನಮ್ಮ ಮಾತನ್ನು ಕೇಳುತ್ತಿದ್ದರು. ಕೃತ್ತಿಕೆಯನ್ನು ತೋರಿಸಿ “ತುರಯ್ಯಾ” ಎಂದರು, ರೋಹಿಣಿಯನ್ನು “ದಬರಾನ್” ಎಂದರು. ದಬರಾನ್ ಎಂದರೆ ಹಿಂಬಾಲಿಸುವವನು. ಇರುಳೆಲ್ಲ ಕೃತ್ತಿಕೆಯ ಹಿಂದೆಯೇ ನಡೆಯುವುದರಿಂದ ಆ ಹೆಸರು. ಇಂದು ಜಗತ್ತಿನ ಎಲ್ಲ ನಕ್ಷತ್ರ ನಕ್ಷೆಗಳಲ್ಲಿ ಅದು ಆಲ್ಡೆಬರಾನ್. ಅವರ ಹಿರಿಯರು ಚಂದ್ರನ ದಾರಿಯನ್ನು 28 ಮನೆಗಳಾಗಿ ಮಾಡಿಕೊಂಡಿದ್ದರು, ನಾವು 27 ಮಾಡಿಕೊಂಡೆವು. ಆದರೆ ಎಷ್ಟೋ ಮನೆಗಳಿಗೆ ಗುರುತಾಗಿರುವ ಚುಕ್ಕೆಗಳು ಅವೇ. ನಮ್ಮ ಮೃಗಶಿರದ ಮೂರು ಚುಕ್ಕೆಗಳೇ ಅವರ ಹಕ್‌ಆ. ನಮ್ಮ ಮಘೆ ಅವರ ಜಬ್‌ಹಾದಲ್ಲಿದೆ, ಚಿತ್ತೆ ಅವರ ಸಿಮಾಕ್. ಇನ್ನೂ ಅಚ್ಚರಿಯ ಮಾತೆಂದರೆ, ಅವರೂ ಮಳೆಗಳನ್ನು ಈ ಮನೆಗಳ ಹೆಸರಿನಿಂದಲೇ ಲೆಕ್ಕ ಹಾಕುತ್ತಿದ್ದರು. ಆ ಹಳೆಯ ವಿದ್ಯೆಗೆ ಅನ್ವಾ ಎಂದು ಹೆಸರು. ಅಕ್ಟೋಬರ್ ನಡುವಿನಿಂದ ನಾಲ್ಕು ಮನೆಗಳ ಮಟ್ಟಿಗೆ, ಮನೆಗೆ ಹದಿಮೂರು ದಿನದಂತೆ 52 ದಿನಗಳ ಕಾಲವನ್ನು ಇಂದಿಗೂ ಇಲ್ಲಿ ವಸ್ಮ್ ಎನ್ನುತ್ತಾರೆ. ನೆಲದ ಮೇಲೆ ಹಸಿರಿನ ಮುದ್ರೆಯೊತ್ತುವ ಮಳೆ ಎಂದು ಅದರ ಅರ್ಥ.

ಆದರೆ ಇಬ್ಬರ ಲೆಕ್ಕದಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಅರಿತಾಗ ನನಗೆ ಸ್ವಲ್ಪ ಅಸೂಯೆಯೇ ಆಯಿತು. ನಮ್ಮದು ಸೂರ್ಯನಿರುವ ನಕ್ಷತ್ರದ ಲೆಕ್ಕ, ಗಣಿತ ಬಲ್ಲವರು ಬರೆದುಕೊಡಬೇಕು. ಅವರದು ಬೆಳಗಿನ ಜಾವ ಸೂರ್ಯ ಮೂಡುವ ಮುಂಚೆ ಪಡುವಣದಲ್ಲಿ ಯಾವ ನಕ್ಷತ್ರ ಮುಳುಗುತ್ತಿದೆ ಎಂಬುದರ ಲೆಕ್ಕ, ಬರಿಗಣ್ಣು ಸಾಕು. ಮೋಡವಿಲ್ಲದ ನಾಡಿನವರು ತಮ್ಮ ಮಳೆಯ ನಕ್ಷತ್ರವನ್ನು ನೋಡಿ ಮಳೆಯನ್ನು ಕಾದರು. ಮೋಡದ ನಾಡಿನವರಾದ ನಾವು ಕಾಣದ ನಕ್ಷತ್ರದ ಹೆಸರು ಹಿಡಿದು ಕಾದೆವು. ಹಾಗಾದರೆ ಮಳೆ ತರುವುದು ನಕ್ಷತ್ರವೇ ಎಂದು ಮಗ ಹಿರಿಯರನ್ನು ಕೇಳಿದ. ಅಲ್ಲ, ಮಳೆ ಕೊಡುವವನು ಅಲ್ಲಾಹ್, ನಕ್ಷತ್ರ ಬರೀ ಗುರುತು ಎಂದು ಅವರು ತಟ್ಟನೆ ಹೇಳಿದರು.

ಏಳೂವರೆಯಾಗುತ್ತಲೇ ಅವರು ತೆಂಕಣಕ್ಕೆ ತಿರುಗಿ ಕುಳಿತರು. ದಿಗಂತದ ಅಂಚಿನಲ್ಲಿ ಒಂದು ಬೆಳಕು ಬಣ್ಣ ಬದಲಿಸುತ್ತ ನಡುಗುತ್ತಿತ್ತು. “ಸುಹೈಲ್” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಕೊಲ್ಲಿಯ ಜನಕ್ಕೆ ಈ ನಕ್ಷತ್ರಕ್ಕಿಂತ ಹತ್ತಿರದ್ದು ಬೇರೊಂದಿಲ್ಲ. ಬೇಸಿಗೆಯಲ್ಲಿ ಕೆಲಕಾಲ ಮರೆಯಾಗಿ, ಆಗಸ್ಟ್ ಕೊನೆಯ ವಾರದ ಹೊತ್ತಿಗೆ ಬೆಳಗಿನ ಜಾವದಲ್ಲಿ ಮತ್ತೆ ಕಾಣಿಸಿಕೊಂಡಾಗ, ಇನ್ನು ಇರುಳಿನ ಝಳ ಇಳಿಯುತ್ತದೆ ಎಂದು ಮನೆಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಆ ದಿನದಿಂದ ಹತ್ತು ಹತ್ತು ದಿನಗಳ ಕಂತು ಮಾಡಿ ವರ್ಷವನ್ನು ಎಣಿಸುವ ದುರೂರ್ ಎಂಬ ಪದ್ಧತಿಯಿದೆ. ಖರ್ಜೂರದ ಕೆಲಸ, ಮೀನಿನ ಕೆಲಸ, ಒಂಟೆ ಕಾಯುವ ಕೆಲಸ ಎಲ್ಲವೂ ಆ ಎಣಿಕೆಯಲ್ಲಿ ನಡೆಯುತ್ತಿದ್ದವು. ನಮಗೆ ಸುಹೈಲ್ ಎಂದರೆ ಅಗಸ್ತ್ಯ. ಕಡಲನ್ನೇ ಕುಡಿದವನು, ಕಮಂಡಲದಿಂದ ಕಾವೇರಿಯನ್ನು ಹರಿಯಬಿಟ್ಟವನು. ಅವನು ಮೂಡಿದ ಮೇಲೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ಒಬ್ಬರಿಗೆ ತಂಪು ತಂದವನು, ಇನ್ನೊಬ್ಬರಿಗೆ ನೀರು ತಿಳಿ ಮಾಡಿದವನು. ಅಲ್ ಕುವಾದಲ್ಲಿ ಅವನು ಎಷ್ಟೇ ಏರಿದರೂ ದಿಗಂತದಿಂದ ಹದಿನಾಲ್ಕು ಡಿಗ್ರಿಯ ಮೇಲೆ ಹೋಗುವುದಿಲ್ಲ. ನಮ್ಮ ರೋಣದಲ್ಲಿ ಸುಮಾರು ಎಂಟು ಡಿಗ್ರಿ ಹೆಚ್ಚು ಎತ್ತರಕ್ಕೆ ಬರುತ್ತಾನೆ, ಏಕೆಂದರೆ ನಾವು ಅಷ್ಟು ತೆಂಕಣದವರು.

ಈ ಏರಿಳಿತವೇ ಒಂದು ಕಾಲದಲ್ಲಿ ಕಡಲಿನ ದಾರಿಯಾಗಿತ್ತು. ಈಗಿನ ರಾಸ್ ಅಲ್ ಖೈಮಾದ ಜುಲ್ಫಾರಿನವನೆಂದು ಹೇಳಲಾಗುವ, ಹದಿನೈದನೆಯ ಶತಮಾನದ ಇಬ್ನ್ ಮಾಜಿದ್ ಎಂಬ ನಾವಿಕ ನಕ್ಷತ್ರಗಳ ಎತ್ತರದಿಂದ ಹಡಗು ನಡೆಸುವ ವಿದ್ಯೆಯನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆ ಕಾಲದ ನಾವಿಕರು ಎತ್ತರವನ್ನು ಅಳೆಯುತ್ತಿದ್ದುದು ಬೆರಳಿನ ಅಳತೆಯಲ್ಲಿ. ಕುದುರೆಗಳನ್ನು ತುಂಬಿಕೊಂಡು ಹೊನ್ನಾವರ, ಭಟ್ಕಳ, ಮಂಗಳೂರಿನ ಕಡೆ ಹೊರಟ ಹಡಗಿನವರು ಧ್ರುವನಕ್ಷತ್ರ ಬೆರಳು ಬೆರಳಾಗಿ ಕೆಳಗಿಳಿಯುವುದನ್ನೂ ಸುಹೈಲ್ ಬೆರಳು ಬೆರಳಾಗಿ ಮೇಲೇರುವುದನ್ನೂ ನೋಡುತ್ತ ಕನ್ನಡ ಕರಾವಳಿಯನ್ನು ಮುಟ್ಟುತ್ತಿದ್ದರು. ವಿಮಾನದಲ್ಲಿ ಮೂರು ಗಂಟೆಯಲ್ಲಿ ಊರು ಸೇರುವ ನಾನು ಈ ಇಳಿತವನ್ನಾಗಲಿ ಏರಿಕೆಯನ್ನಾಗಲಿ ಎಂದೂ ಗಮನಿಸಿದವಳಲ್ಲ.

ಊಟಕ್ಕೆ ಎಳ್ಳ ಅಮಾವಾಸ್ಯೆಗೆಂದು ಮಾಡಿದ ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಳಿಗ್ಗೆ ಮಾಡಿ ತಂದ ಬದನೆಕಾಯಿ ಎಣ್ಣೆಗಾಯಿ ಇದ್ದವು. ಹಿರಿಯರು ಖರ್ಜೂರ, ಏಲಕ್ಕಿ ಹಾಕಿದ ಕಹ್ವಾ ತಂದಿದ್ದರು. ಸಜ್ಜೆ ರೊಟ್ಟಿಯನ್ನು ಖರ್ಜೂರದೊಂದಿಗೆ ತಿಂದು ಅವರು ಬಹಳ ಮೆಚ್ಚಿಕೊಂಡರು. ಅಷ್ಟರಲ್ಲಿ ಪುಷ್ಯ ಮೇಲೆ ಬಂದಿತ್ತು. ದಿಟ್ಟಿಸಿ ನೋಡಿದರೆ ಮಾಯವಾಗುವ, ಕಣ್ಣನ್ನು ತುಸು ಪಕ್ಕಕ್ಕೆ ಸರಿಸಿದರೆ ಹಿಂಜಿದ ಅರಳೆಯಂತೆ ಕಾಣುವ ಒಂದು ಮಂಕು ಬೆಳಕು. ಆಶ್ಲೇಷದ ಸಣ್ಣ ಚುಕ್ಕೆಗಳು ಅದರ ಕೆಳಗೆ.

ಎಂಟೂವರೆ ಕಳೆದ ಮೇಲೆ ಮೂಡಣದ ದಿಬ್ಬದ ಮೇಲೆ ಮಘೆ ಬಂತು.

“ಮಘಿ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ” ಎಂದು ಅಜ್ಜಿ ಹೇಳುತ್ತಿದ್ದರು. ಹಿಂದಿನ ಆಗಸ್ಟಿನಲ್ಲಿ ಈ ಮಳೆಯೇ ಬರಲಿಲ್ಲ. ಇಡೀ ಭಾರತವೇ 1901ರಿಂದೀಚೆಗೆ ಕಂಡಿರದಷ್ಟು ಒಣಗಿದ ಆಗಸ್ಟ್ ಅದು. ವಾಡಿಕೆಗಿಂತ 36 ಶೇಕಡಾ ಕಡಿಮೆ ಮಳೆ. ಶಾಂತಸಾಗರದ ನೀರು ವಾಡಿಕೆಗಿಂತ ಕಾಯುವ ಎಲ್ ನಿನೊ ಬಲಗೊಂಡಿತ್ತು, ಮುಂಗಾರು ನಡುವೆ ಬಹಳ ದಿನ ನಿಂತುಬಿಟ್ಟಿತ್ತು. ಸೂರ್ಯ ಮಘೆಯ ಬಳಿ ಇದ್ದ ಆ ಹದಿನಾಲ್ಕು ದಿನವೂ ಅಪ್ಪ ಬೆಳಿಗ್ಗೆ ಎದ್ದು ಮೋಡ ನೋಡಿದ್ದನ್ನು, ಸಂಜೆ ಫೋನಿನಲ್ಲಿ “ಇಲ್ಲ ಯವ್ವಾ” ಎಂದದ್ದನ್ನು ನಾನು ಮರೆತಿರಲಿಲ್ಲ. ಈಗ ಅದೇ ಮಘೆ, ನೀಲಿ ಛಾಯೆಯ ಬಿಳಿ ಬೆಳಕಿನ ಒಂದು ಸ್ವಚ್ಛವಾದ ನಕ್ಷತ್ರ, ಏನೂ ನಡೆದೇ ಇಲ್ಲವೆಂಬಂತೆ ಮರಳಿನ ಮೇಲೆ ನಿಂತಿತ್ತು. ಅದರ ಮೇಲೆ ಸಿಟ್ಟು ಬರಬೇಕಾಗಿತ್ತೇನೋ, ಬರಲಿಲ್ಲ. ಅಲ್ಲಾಹ್ ಕೊಡುವವನು, ಇದು ಬರೀ ಗುರುತು ಎಂಬ ಮಾತು ಕಿವಿಯಲ್ಲಿತ್ತು; ಬೆಳೆ ಬಾರದಿದ್ದರೂ ಚರಗ ಚೆಲ್ಲಿ ಬಂದ ಅಪ್ಪನ ಮಾತೂ ಇತ್ತು. ನಾನು ಅದಕ್ಕೆ ಕೈಮುಗಿದೆ. ಕತ್ತಲೆಯಲ್ಲಿ ಯಾರಿಗೂ ಕಾಣಲಿಲ್ಲ.

ಹುಬ್ಬೆ ಒಂಬತ್ತೂವರೆಗೆ, ಉತ್ತರೆ ಹತ್ತು ದಾಟಿದ ಮೇಲೆ. ಮಗ ನಿದ್ದೆ ಹೋದ. ಚಳಿ ಏರತೊಡಗಿತು. ಹಗಲಿನಲ್ಲಿ ಸುಡುವ ಮರಳು ಇರುಳಿನಲ್ಲಿ ಇಷ್ಟು ತಣ್ಣಗಾಗುವುದು ಹೊಸಬರಿಗೆ ಅಚ್ಚರಿ. ಕಾಯ್ದ ಬಿಸಿ ಮರಳಿನ ಮೇಲುಪದರದಲ್ಲೇ ನಿಲ್ಲುತ್ತದೆ, ಆಳಕ್ಕೆ ಇಳಿಯುವುದಿಲ್ಲ, ಮೇಲೆ ಮೋಡದ ಹೊದಿಕೆಯಿಲ್ಲದ್ದರಿಂದ ಸೂರ್ಯ ಮುಳುಗಿದ ಮೇಲೆ ಅದೆಲ್ಲ ಆಕಾಶಕ್ಕೆ ಹೊರಟುಹೋಗುತ್ತದೆ. ನಕ್ಷತ್ರಗಳನ್ನು ಕಾಣಗೊಡುವ ಆ ತೆರೆದ ಆಕಾಶವೇ ಚಳಿಯನ್ನೂ ಕೊಡುತ್ತದೆ. ಹನ್ನೆರಡರ ಹೊತ್ತಿಗೆ ಕಂಬಳಿಯ ಮೇಲೆ ಕೈಯಾಡಿಸಿದರೆ ಒದ್ದೆ. ಸಮುದ್ರದ ಕಡೆಯಿಂದ ಬಂದ ತೇವ ಇಬ್ಬನಿಯಾಗಿ ಇಳಿಯುತ್ತಿತ್ತು.

ಹಸ್ತದ ಚುಕ್ಕೆಗಳು ನಡುರಾತ್ರಿಗೆ ಮುಂಚೆ ಬಂದವು. ಹನ್ನೆರಡೂವರೆಗೆ ಎರಡು ನಕ್ಷತ್ರಗಳು ಒಟ್ಟಿಗೇ ಮೂಡಿದವು: ಮೂಡಣದ ತೆಂಕಣ ಬದಿಗೆ ಬೆಳ್ಳಗಿನ ಚಿತ್ತೆ, ಬಡಗಣ ಬದಿಗೆ ಕಿತ್ತಳೆ ಬಣ್ಣದ ಸ್ವಾತಿ. ಕ್ಯಾಲೆಂಡರಿನಲ್ಲಿ ಒಂದರ ಹಿಂದೆ ಒಂದು ಬರುವ ಈ ಎರಡು ಮಳೆಗಳು ಆಕಾಶದಲ್ಲಿ ಅಕ್ಕಪಕ್ಕದ ಬಾಗಿಲಿನಿಂದ ಒಟ್ಟಿಗೆ ಹೊರಬಂದಂತೆ ಕಂಡವು. ಎಲ್ಲಿ ಬಿದ್ದೀತೆಂದು ಹೇಳಲಾಗದ ಚಿತ್ತೆಯನ್ನು ನಮ್ಮವರು ಕುರುಡು ಚಿತ್ತಿ ಎನ್ನುತ್ತಾರೆ. ಸ್ವಾತಿಯ ಹನಿಯನ್ನು ಮುತ್ತೆನ್ನುತ್ತಾರೆ. ಸ್ವಾತಿ ಸೂರ್ಯನ ದಾರಿಯಿಂದ ಬಹಳ ಬಡಗಣಕ್ಕೆ ಇರುವುದರಿಂದ, ತನ್ನ ಮಳೆಯ ಕಾಲವಾದ ಅಕ್ಟೋಬರ್ ಕೊನೆಯಲ್ಲೂ ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ತುಸು ಹೊತ್ತು ಉಳಿದಿರುತ್ತದೆ. ಮಳೆಯ ನಕ್ಷತ್ರಗಳ ಪೈಕಿ ಹೀಗೆ ತನ್ನ ಮಳೆಯ ದಿನಗಳಲ್ಲೇ ರೈತನಿಗೆ ಮುಖ ತೋರಿಸಬಲ್ಲ ಉಜ್ವಲ ನಕ್ಷತ್ರ ಇದೊಂದೇ ಎಂದು ನನಗನ್ನಿಸುತ್ತದೆ. ಮುಂದಿನ ದೀಪಾವಳಿಗೆ ಊರಿಗೆ ಹೋದರೆ ಅಪ್ಪನಿಗೆ ತೋರಿಸಬೇಕು.

ವಿಶಾಖಕ್ಕಾಗಿ ಎರಡು ಗಂಟೆ ದಾಟುವವರೆಗೆ ಕಾದೆ. ಮೂರರ ಹೊತ್ತಿಗೆ ಸುಹೈಲ್ ಪಡುವಣ ತೆಂಕಣದಲ್ಲಿ ಇಳಿದುಹೋಯಿತು. ಮೂರೂವರೆಗೆ ಅನುರಾಧೆ. ಅಲ್ಲಿಗೆ ಮಳೆಗಾಲ ಮುಗಿಯಿತು. ಆ ಹೊತ್ತಿಗೆ ನೆತ್ತಿಯಿಂದ ಹೊರಟಿದ್ದ ಅಶ್ವಿನಿ ಮುಳುಗಿ ಎಷ್ಟೋ ಹೊತ್ತಾಗಿತ್ತು, ಆರ್ದ್ರಾ ಪಡುವಣದ ದಿಗಂತದ ಸಮೀಪವಿತ್ತು, ಮಘೆ ಪಡುವಣಕ್ಕೆ ವಾಲಿತ್ತು. ಒಂದು ವರ್ಷದ ಆಸೆ, ಅಂಜಿಕೆ, ಬಿತ್ತನೆ, ಕಳೆ, ಕೊಯ್ಲು ಎಲ್ಲವೂ ಎಂಟೂವರೆ ಗಂಟೆಯಲ್ಲಿ ಸದ್ದಿಲ್ಲದೆ ಹಾದುಹೋದವು, ಒಂದು ಹನಿಯೂ ಬೀಳಲಿಲ್ಲ. ಇಬ್ಬನಿಯಲ್ಲಿ ಒದ್ದೆಯಾದ ಕಂಬಳಿಯನ್ನು ಮಗನ ಮೇಲಿಂದ ತೆಗೆದು ಒಣಗಿದ್ದನ್ನು ಹೊದಿಸಿದೆ.

ಐದು ಗಂಟೆಗೆ ಶುಕ್ರ ಮೂಡಿತ್ತು. ಹಿರಿಯರು ಎದ್ದು ನಮಾಜಿಗೆ ಅಣಿಯಾದರು. ಬೆಳಕು ಹರಿದಾಗ ಜಮಖಾನದ ಸುತ್ತ ನರಿಯ ಸಣ್ಣ ಹೆಜ್ಜೆಗಳಿದ್ದವು. ನಾನು ಇಡೀ ರಾತ್ರಿ ಎಚ್ಚರವಿದ್ದೂ ಅದು ಬಂದುಹೋದದ್ದು ತಿಳಿದಿರಲಿಲ್ಲ. ಡೇರೆ ಮಡಿಸಿ, ಬೂದಿಯನ್ನೂ ಕಸವನ್ನೂ ಚೀಲಕ್ಕೆ ತುಂಬಿದ ಮೇಲೆ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಹಿರಿಯರು ಘಾಫ್ ಮರದ ಬುಡಕ್ಕೆ ಸುರಿದರು. ಹತ್ತು ಲೀಟರ್ ಇದ್ದೀತು. ಅಷ್ಟು ಆಳದ ಬೇರಿಗೆ ಅದು ತಲುಪುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನಾನು ಡಬ್ಬಿಯಲ್ಲಿ ಉಳಿದಿದ್ದ ಸಜ್ಜೆ ರೊಟ್ಟಿಯ ಪುಡಿಯನ್ನು ಆ ಒದ್ದೆ ಮರಳಿನ ಮೇಲೆ ಚೆಲ್ಲಿದೆ.

ಮೂರು ತಿಂಗಳ ಬಳಿಕ, ಏಪ್ರಿಲ್ 16ರಂದು, ಇಡೀ ದೇಶದ ಮೇಲೆ ಮಳೆ ಬಂತು. ಇಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 100 ಮಿಲಿಮೀಟರ್. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾ ಎಂಬಲ್ಲಿ ಒಂದು ದಿನ ತುಂಬುವುದರೊಳಗೆ 254.8 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಇಡಲು ಆರಂಭಿಸಿದಾಗಿನಿಂದ ಅಂಥ ಮಳೆ ಬಂದಿರಲಿಲ್ಲ. ರಸ್ತೆಗಳು ಹೊಳೆಯಾದವು, ವಿಮಾನಗಳು ನಿಂತವು. ಸುದ್ದಿ ನೋಡಿ ಗಾಬರಿಯಾದ ಅಪ್ಪ ತಾವೇ ಫೋನ್ ಮಾಡಿದರು. ಎಲ್ಲರೂ ಕ್ಷೇಮವಾಗಿದ್ದೇವೆ ಎಂದು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು ಕೇಳಿಸಿತು.

“ಅಶ್ವಿನಿ ಕೂಡಿ ಮೂರು ದಿನ ಆತು ಯವ್ವಾ. ಅದು ಅಶ್ವಿನಿ ಮಳಿ. ನಮ್ಮ ಕಡೆ ಇನ್ನೂ ಒಂದು ಹನಿ ಇಲ್ಲ” ಎಂದರು. ಆಮೇಲೆ ಕೇಳಿದರು: “ಆ ಬನ್ನಿ ಗಿಡ ಹ್ಯಾಂಗೈತಿ?”